ಆರು ಗಂಟೆಯವರೆಗಿನ ರಜೆ

ನನ್ನ ಮಾವ ಮಹಾಬಲೇಶ್ವರ ಮೂವತ್ತು ವರ್ಷ ಸರಕು ಹಡಗಿನ ಕ್ಯಾಪ್ಟನ್ ಆಗಿದ್ದವರು. ಹೊರಡುವ ವಿಷಯದಲ್ಲಿ ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಐದಕ್ಕೆ ಹೊರಡೋಣ ಎಂದರೆ ನಾಲ್ಕೂವರೆಗೇ ಹೊರಟುಬಿಡುತ್ತಾರೆ, ಜೊತೆಯವರು ಬಂದಿರಲಿ ಬಿಡಲಿ. ಡೀಮೆನ್‌ನ ನಮ್ಮ ಮನೆಗೆ ಬಂದ ಎರಡು ತಿಂಗಳಲ್ಲಿ ನನ್ನನ್ನು ಟ್ರಾಮ್ ಸ್ಟಾಪಿನಲ್ಲಿ ಮೂರು ಸಲ ಬಿಟ್ಟುಹೋಗಿದ್ದಾರೆ. ಒಂದು ಸಲ ಮನೆಯ ಕೀಲಿಕೈಯೂ ಅವರ ಜೇಬಿನಲ್ಲೇ ಇತ್ತು.

ಹೀಗಿರುವಾಗ ನನ್ನ ಆಫೀಸಿನ ಸ್ವಪ್ನಾ ಒಂದು ಭಾನುವಾರ ಊಟಕ್ಕೆ ಬಂದಳು. ಅವಳಪ್ಪ ಮುರುಗೆಪ್ಪ ಬಾಗಲಕೋಟೆಯವರಂತೆ. 1981ರಲ್ಲಿ ‘ಜಲಕಿರಣ’ ಎಂಬ ಹಡಗಿನಲ್ಲಿ ರಾಟರ್‌ಡ್ಯಾಮಿಗೆ ಬಂದವರು ನಾವಿರುವ ಈ ದೇಶದಲ್ಲೇ ಉಳಿದರಂತೆ. ಮಾವ ಅನ್ನ ಕಲಸುವುದನ್ನು ನಿಲ್ಲಿಸಿದರು.

ಅವಳು ಹೋದ ಮೇಲೆ ಸೂಟ್‌ಕೇಸಿನಿಂದ ಒಂದು ನೋಟ್‌ಬುಕ್ ತೆಗೆದರು. ತಾವೇ ಕ್ಯಾಪ್ಟನ್ ಆಗಿದ್ದ ಆ ಹಡಗಿನ ಅಧಿಕೃತ ದಿನಚರಿಯಾದ ಲಾಗ್‌ಬುಕ್ಕಿನಿಂದ ಇಳಿಸಿಕೊಂಡ ನಕಲು. ‘ಖಲಾಸಿ ಮುರುಗೆಪ್ಪ ಹಡಗು ಬಿಟ್ಟು ಪರಾರಿ. ಸಾಮಾನು ಮುಟ್ಟುಗೋಲು: ಅಂಗಿ ಎರಡು, ಕಂಬಳಿ ಒಂದು, ಚಟ್ನಿಪುಡಿ ಒಂದು ಡಬ್ಬಿ.’ ಅದರ ಕೆಳಗೆ ‘ಆರೋಪಿಯ ಉತ್ತರ’ ಎಂದಿತ್ತು. ಮುಂದೆ ಖಾಲಿ.

“ಬರೆದದ್ದನ್ನ ಅವನಿಗೆ ಓದಿ ಹೇಳ್ಬೇಕು, ಅವನು ಹೇಳಿದ್ದನ್ನ ಕೆಳಗೆ ಬರ್ಕೋಬೇಕು. ಕಾನೂನು,” ಎಂದರು ಮಾವ.

“ನಲವತ್ತಮೂರು ವರ್ಷ ಆಯ್ತು ಮಾವ. ಆ ಸಾಲು ಹೊಡೆದು ಹಾಕ್ಬಿಡಿ.”

“ಲಾಗ್‌ನಲ್ಲಿ ಹೊಡೆದು ಹಾಕೋ ಹಾಗಿಲ್ಲ ಪದ್ಮಿನಿ. ಕೆಳಗೆ ಬರೀಬಹುದು, ಅಷ್ಟೆ.” ಮಾವ ನೋಟ್‌ಬುಕ್ ಮುಚ್ಚಿದರು. “ಅವನಿಗೆ ಸಾಯಂಕಾಲ ಆರರವರೆಗೆ ರಜೆ ಕೊಟ್ಟಿದ್ದೆ. ನಾಲ್ಕಕ್ಕೆ ಹಡಗು ಹೊರಡಿಸಿದೆ. ಅವನು ನಿಜವಾಗಿ ಓಡಿಹೋದ್ನೋ, ವಾಪಸ್ ಬಂದಿದ್ನೋ, ಇವತ್ತಿಗೂ ಗೊತ್ತಿಲ್ಲ.”

“ಮತ್ತೆ ಪರಾರಿ ಅಂತ ಯಾಕೆ ಬರೆದ್ರಿ?”

“ಇಲ್ಲಾಂದ್ರೆ ನಾನೇ ಬಿಟ್ಟುಬಂದೆ ಅಂತ ಬರೀಬೇಕಿತ್ತು.”

ನನಗೆ ಕೆಂಡದಂಥ ಕೋಪ ಬಂತು. ಹಿರಿಯರೆಂದು ಬಾಯಿ ಮುಚ್ಚಿಕೊಂಡು ಪಾತ್ರೆ ತೊಳೆದೆ. ಪಾತ್ರೆಗಳು ಸ್ವಲ್ಪ ಜೋರಾಗಿಯೇ ಸದ್ದು ಮಾಡಿದವು.

ಶನಿವಾರ ಮಧ್ಯಾಹ್ನ ಎರಡಕ್ಕೆ ಜೂಟರ್‌ಮೀರ್‌ನಲ್ಲಿರುವ ಮುರುಗೆಪ್ಪನವರ ಮನೆಗೆ ಬರುತ್ತೇವೆಂದು ಸ್ವಪ್ನಾಗೆ ಹೇಳಿದ್ದೆ. ಒಂದೂ ಇಪ್ಪತ್ತಕ್ಕೆ ಬಾಗಿಲಲ್ಲಿದ್ದೆವು. ಬಾಗಿಲು ತೆರೆದ ಮುರುಗೆಪ್ಪ ಮಾವನನ್ನು ನೋಡಿದರು, ಆಮೇಲೆ ಗಡಿಯಾರ ನೋಡಿದರು.

“ಬರ್ರಿ ಸಾಹೇಬ್ರ. ನಿಮ್ಮದು ಯಾವತ್ತೂ ಮುಂಚೇನ.”

ಮಾವ ಕೂರಲಿಲ್ಲ. ನಿಂತುಕೊಂಡೇ ಇಡೀ ನಮೂದನ್ನು ಓದಿದರು. ಮುರುಗೆಪ್ಪ ಕೈ ಹಿಂದೆ ಕಟ್ಟಿಕೊಂಡು, ನಿಂತೇ ಕೇಳಿದರು. ಮಾವ ಪೆನ್ನಿನ ಕ್ಯಾಪು ತೆಗೆದರು.

“ನಿನ್ನ ಉತ್ತರ?”

“ನಾ ಐದಕ್ಕ ಬಂದೆರಿ. ಹಡಗ ಇರಲಿಲ್ಲ. ಅಲ್ಲೇ ಕುಂತೆ, ಆರರ ತನಕ.”

“ಹಡಗೇ ಇಲ್ಲ ಅಂದ್ಮೇಲೆ ಆರರವರೆಗೆ ಯಾಕೆ ಕೂತ್ರಿ?” ಎಂದು ನಾನೇ ಕೇಳಿಬಿಟ್ಟೆ.

“ರಜಾ ಆರರ ತನಕ ಇತ್ತಲ್ರಿ.”

ಮಾವ ಬರೆದುಕೊಂಡರು. ಬರೆದದ್ದನ್ನು ಓದಿ ಹೇಳುವಾಗ ಎರಡು ಸಲ ತಡವರಿಸಿದರು. ಸಹಿ ಹಾಕಲು ನೋಟ್‌ಬುಕ್ ತೆಗೆದುಕೊಂಡ ಮುರುಗೆಪ್ಪನವರ ಬೆರಳು ಸಾಮಾನಿನ ಪಟ್ಟಿಯ ಮೇಲೆ ನಿಂತಿತು.

“ಚಟ್ನಿಪುಡಿ ಏನಾತ್ರಿ?”

“ನಾನೇ ತಿಂದೆ.”

ಸ್ವಪ್ನಾ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು. ಅಪ್ಪನ ಕಾಗದಪತ್ರವೆಲ್ಲ ಕ್ಯಾಪ್ಟನ್ನರ ವಶದಲ್ಲಿದ್ದು ಹಡಗಿನಲ್ಲೇ ಹೋಗಿತ್ತು. ಪರಾರಿ ಎಂಬ ಹೆಸರು ಹೊತ್ತು ಹನ್ನೊಂದು ವರ್ಷ ಊರಿಗೆ ಹೋಗಲಾಗಲಿಲ್ಲ. ಒಂಬತ್ತನೆಯ ವರ್ಷ ಅಪ್ಪನ ಅವ್ವ ಬಸಲಿಂಗವ್ವ ತೀರಿಕೊಂಡಳು. ಆ ಪುಡಿ ಅವಳು ಕುಟ್ಟಿ ಕಳಿಸಿದ್ದು. ಹೊರಗೆ ಮುರುಗೆಪ್ಪ ಕೇಳುತ್ತಿದ್ದರು.

“ಹೆಂಗಿತ್ರಿ?”

“ಖಾರ ಇತ್ತು. ಬಹಳ ಚೆನ್ನಾಗಿತ್ತು.” ಮಾವನ ದನಿ ಇಳಿದಿತ್ತು. “ತಪ್ಪು ನನ್ನದು, ಮುರುಗೆಪ್ಪ.”

“ಎರಡೂ ಬರೀರಿ. ಮೊದಲ ಚಟ್ನಿಪುಡಿದು.”

ಮಾವ ಅದೇ ಕ್ರಮದಲ್ಲಿ ಬರೆದರು. ಇಬ್ಬರೂ ಸಹಿ ಹಾಕಿದರು.

ಆರಕ್ಕೆ ಹೊರಡೋಣ ಎಂದಿದ್ದೆ. ಐದೂವರೆಗೆ ಮಾವ ಎದ್ದು ಬೂಟು ಹಾಕಿಕೊಂಡರು. ಆಮೇಲೆ ವಾಪಸ್ ಬಂದು ಮುರುಗೆಪ್ಪನವರ ಪಕ್ಕದಲ್ಲಿ ಕೂತರು, ಆರಾಗುವ ತನಕ.