ಕತ್ತಿನ ಅಳತೆ

"ಎರಡೂ ಕೈ ಕತ್ತರಿಸಿಟ್ಟಿದೀನಿ ಕಣೋ. ಕತ್ತೊಂದೇ ಬಾಕಿ. ಅಳತೆಗೆ ಸರಿಯಾಗಿ ಒಂದು ಮಗು ಸಿಕ್ಕಿದ್ರೆ ಇವತ್ತೇ ಮುಗಿಸಿಬಿಡ್ತೀನಿ."

ಗೋಡೆಯಾಚೆಯ ಗಂಡುದನಿ ಫೋನಿನಲ್ಲಿ ಯಾರಿಗೋ ಹೇಳುತ್ತಿತ್ತು. ಅಜ್ಜಿ ಟೀವಿಯ ಸದ್ದಡಗಿಸಿದಳು. ಅದರೊಳಗೆ ಆ ವಾರ ಹದಿನೇಳು ಕೊಲೆಯಾಗಿದ್ದವು. ಹನ್ನೊಂದರಲ್ಲಿ ಪೊಲೀಸರಿಗಿಂತ ಮೊದಲೇ ಕೊಲೆಗಾರನನ್ನು ಹಿಡಿದವಳು ಅವಳೇ, ಕುರ್ಚಿಯಿಂದ ಏಳದೆ. ನಲವತ್ತು ವರ್ಷ ಬೀದಿಗೆಲ್ಲ ಬಟ್ಟೆ ಹೊಲಿದು, ಕಣ್ಣು ಮಂಜಾದ ಮೇಲೆ ಅವಳಿಗೆ ಇದೇ ಕಸುಬು. ಬಾಗಿಲಿಗೆ ಮೂರು ಚಿಲಕ ಹಾಕಿಸಿದ್ದಳು. ಹಾಲಿನವನು ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಏನು ಬಚ್ಚಿಟ್ಟ ಎಂದು ಹಗಲೆಲ್ಲ ಲೆಕ್ಕ. ಪಕ್ಕದ ಮನೆಗೆ ಬಂದವನು ಎಂಟು ದಿನವಾದರೂ ಪರದೆ ಸರಿಸಿಲ್ಲ ಎಂದರೆ, ನಿನಗೆ ಹೆದರಿಯೇ ಇರಬೇಕಮ್ಮ ಎಂದು ಮಗಳು ನಕ್ಕಿದ್ದಳು.

ಶಾಲೆ ಬಿಡುವ ಹೊತ್ತು. ಕಿಟಕಿಯ ಸಂದಿಯಲ್ಲಿ ಇಣುಕಿದರೆ ಏಳು ವರ್ಷದ ಮೊಮ್ಮಗಳು ಅವನ ಬಾಗಿಲಲ್ಲೇ ನಿಂತು ತಲೆಯಾಡಿಸುತ್ತಿದ್ದಳು. ಅಜ್ಜಿ ಬಾಗಿಲಿಗೆ ಧಾವಿಸಿದಳು. ಮೊದಲ ಚಿಲಕ ಸರಿಯಿತು, ಎರಡನೆಯದು ಸಿಕ್ಕಿಕೊಂಡಿತು, ಮೂರನೆಯದು ಎಲ್ಲಿದೆಯೆಂದೇ ಕೈಗೆ ಮರೆತುಹೋಯಿತು. ಅವಳು ಹೊರಗೆ ಬೀಳುವಷ್ಟರಲ್ಲಿ ಮಗು ಒಳಗೆ ಹೋಗಿಯಾಗಿತ್ತು.

ಅವನ ಬಾಗಿಲಿಗೆ ಚಿಲಕವೇ ಇರಲಿಲ್ಲ. ತಳ್ಳಿದ ರಭಸಕ್ಕೆ ಅಜ್ಜಿ ಹೊಲಿಗೆ ಯಂತ್ರದ ಮೇಲೆಯೇ ಮುಗ್ಗರಿಸಿದಳು. ಮೇಜಿನ ಮೇಲೆ ಹಳದಿ ಬಟ್ಟೆಯ ಎರಡು ತೋಳು ಅಂಗಾತ ಬಿದ್ದಿದ್ದವು. ಶಾಲೆಯ ಬಟ್ಟೆಯ ಮೇಲೆಯೇ ತೋಳಿಲ್ಲದ ಹಳದಿ ಫ್ರಾಕು ತೊಟ್ಟು ನಿಂತಿದ್ದಳು ಮೊಮ್ಮಗಳು. ಪೊರಕೆಕಡ್ಡಿಯಂಥ ಮನುಷ್ಯನೊಬ್ಬ ತುಟಿಯಿಂದ ಗುಂಡುಪಿನ್ನು ತೆಗೆದು ಎದ್ದು ನಿಂತ.

"ಬನ್ನಿ ಅಮ್ಮ. ಈ ಫ್ರಾಕು ಊರಲ್ಲಿರೋ ನನ್ನ ಮಗಳಿಗೆ, ಅವಳಿಗೂ ಇವಳಷ್ಟೇ ವಯಸ್ಸು. ನಿಮ್ಮನ್ನ ಕೇಳ್ದೆ ಕರೆದುಬಿಟ್ಟೆ, ತಪ್ಪಾಯ್ತು."

ಅಜ್ಜಿ ಮೇಜನ್ನೇ ನೋಡಿದಳು. ಕೈ. ನಲವತ್ತು ವರ್ಷ ಅವಳ ಬಾಯಲ್ಲೂ ಬಟ್ಟೆಯ ತೋಳಿಗೆ ಬೇರೆ ಹೆಸರಿರಲಿಲ್ಲ. ನಗು ಬರಬೇಕಿತ್ತು, ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಜ್ಜಿ, ಯಾಕೆ ಇಷ್ಟು ಬೆವರಿದೀಯ?"

"ಬಿಸಿಲು ಕಣೇ," ಎಂದಳು.

ಅವನು ಹೆಗಲಿನಿಂದ ಟೇಪು ಎಳೆದ. ಮೊಮ್ಮಗಳು ಗದ್ದ ಎತ್ತಿ ಕಣ್ಣು ಮುಚ್ಚಿದಳು. ಟೇಪಿಗೂ ಕತ್ತಿಗೂ ನಡುವೆ ಎರಡು ಬೆರಳು ಸಡಿಲ ಬಿಡಬೇಕು. ಎಷ್ಟೋ ಜನಕ್ಕೆ ಅದನ್ನು ಕಲಿಸಿದವಳು ಅವಳು. ಅವನೂ ಸರಿಯಾಗಿಯೇ ಬಿಟ್ಟಿದ್ದ. ಅಜ್ಜಿ ಬಾಗಿ, ಆ ಸಂದಿಯೊಳಗೆ ತನ್ನ ಎರಡು ಬೆರಳು ತೂರಿಸಿ, ತೆಗೆಯದೆ ನಿಂತಳು.