ಪೆರುವೇಲನ ಎದೆಯ ಗಾಯ

"ಏ ಪುಲತ್ತಿ, ಮೂಗು ಮುಚ್ಕೊಂಡ್ರೆ ಹಲ್ಲು ಉದುರಿಸ್ತೀನಿ. ಅದು ಅರಸನ ಬಟ್ಟೆ ಕಣೆ ಮುಂಡೆ, ನಿನ್ನ ಗಂಡನ ಕಂಬಳಿ ಅಲ್ಲ."

ಹೀಗೆ ಹೇಳಿದ ಅರಮನೆಯ ಪಾರುಪತ್ತೇಗಾರ ಕೀರನ್ ಹೆಗಲ ವಸ್ತ್ರವನ್ನು ತನ್ನ ಮೂಗಿಗೆ ಬಿಗಿಯಾಗಿ ಒತ್ತಿಕೊಂಡಿದ್ದ. ಅವನಿಗೆ ಅದು ನಡೆಯುತ್ತದೆ. ನಮ್ಮ ಅರಸ ಪೆರುವೇಲನ್ ಒಂಬತ್ತು ದಿನದಿಂದ ಭೇದಿ ಹತ್ತಿ ಮಲಗಿದ್ದ. ನಾನು ಹೊಳೆಯ ಕೆಳದಂಡೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಸವಳು ಮಣ್ಣು ಹಾಕಿ ಅವನ ಹಾಸಿಗೆ ಬಟ್ಟೆಗಳನ್ನು ಉಜ್ಜುತ್ತಿದ್ದೆ. ಊರಿನ ಕೊಳೆ ಒಗೆಯುವುದು ಪುಲತ್ತಿಯರ ಪಾಲಿನ ಕೆಲಸ. ಮೈಲಿಗೆ ಬಟ್ಟೆಯನ್ನು ಬೇರೆ ಯಾರಾದರೂ ಮುಟ್ಟಿದರೆ ಅವರೂ ನಮ್ಮ ಸಾಲಿಗೇ ಬಂದು ಬೀಳುತ್ತಾರೆ, ಹೆತ್ತವರೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ಪೆರುವೇಲನ ಇಪ್ಪತ್ತಾರು ವರ್ಷದ ಆಳ್ವಿಕೆಯನ್ನು ಅರಸರನ್ನು ಹೊಗಳಿ ಹೊಟ್ಟೆ ಹೊರೆಯುವ ಪಾಣರ ಹಾಡಿನಲ್ಲಿ ಕೇಳಬೇಕು. ಪಟ್ಟಕ್ಕೆ ಬಂದ ವರ್ಷವೇ ಹಗೆಯ ಊರನ್ನು ಕಾಯುವ ದೈವದ ಮರವನ್ನು ಕಡಿದನಂತೆ. ಕಡಿದವರು ನಮ್ಮ ಕೇರಿಯ ಗಂಡಸರು. ಅವನು ಆನೆಯ ಮೇಲೆ ಕುಳಿತು ಕಳ್ಳು ಕುಡಿಯುತ್ತಿದ್ದ. ದೊಡ್ಡ ಕೆರೆ ತೋಡಿಸಿದನಂತೆ. ಮಣ್ಣು ಹೊತ್ತ ನನ್ನವ್ವನ ನೆತ್ತಿಯ ಕೂದಲು ಕೊನೆಯವರೆಗೂ ಹುಟ್ಟಲಿಲ್ಲ, ಕೆರೆಗೆ ಮಾತ್ರ ಅವನ ಹೆಸರು. ಹದಿನಾಲ್ಕು ಯುದ್ಧ ಗೆದ್ದನಂತೆ. ಹದಿನಾಲ್ಕರಲ್ಲೂ ಅವನು ಉಟ್ಟ ಬಟ್ಟೆ ಒಗೆದವಳು ನಾನು. ಬೆವರಿನ ಕಲೆ ನೋಡಿದ್ದೇನೆ, ಕಳ್ಳಿನ ಕಲೆ ನೋಡಿದ್ದೇನೆ, ರಕ್ತದ ಒಂದು ಹನಿ ಕಂಡಿಲ್ಲ.

ನನ್ನ ಗಂಡ ಕುವಿರನ್ ಪಡೆಯ ಮುಂದೆ ಪರೆ ಎಂಬ ತಮಟೆ ಬಾರಿಸಿಕೊಂಡು ಹೋಗುತ್ತಿದ್ದ. ಎರಡೂ ಕೈಯಲ್ಲಿ ಕೋಲು ಹಿಡಿದವನು ಗುರಾಣಿ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರಬೇಕು? ಹೋದ ಚಳಿಗಾಲ ಅರಸನಿಗೆ ಪಕ್ಕದ ನಾಡಿನ ದನ ಬೇಕಾದವು. ಕುವಿರನ ಎದೆಗೆ ಈಟಿ ನೆಟ್ಟು ಬೆನ್ನಲ್ಲಿ ಹೊರಬಂತು. ಎದೆಗೆ ಗಾಯವಾಗಿ ಸತ್ತವನಿಗೆ ಕಲ್ಲು ನೆಡುವುದು ನಮ್ಮ ನಾಡಿನ ಪದ್ಧತಿ. ಕಲ್ಲಿಗೆ ನವಿಲುಗರಿ ಕಟ್ಟಿ, ಬಿಳಿ ಬಟ್ಟೆ ಸುತ್ತಿ, ಕಳ್ಳು ಎರೆದರೆ ಸತ್ತವನು ಅದರಲ್ಲಿ ಬಂದು ನಿಲ್ಲುತ್ತಾನೆ. ಇಲ್ಲವಾದರೆ ಕಾಡಿನಲ್ಲಿ ಅಲೆಯುತ್ತಾನೆ. ಕೇರಿಯ ಹದಿನಾರು ಜನ ಹನ್ನೊಂದು ದಿನ ಮರದ ದಿಮ್ಮಿಯ ಮೇಲೆ ಉರುಳಿಸಿ, ಗುಡ್ಡದಿಂದ ಆಳೆತ್ತರದ ಕರಿಕಲ್ಲೊಂದನ್ನು ನನ್ನ ಗುಡಿಸಲಿನ ಮುಂದೆ ತಂದು ಹಾಕಿದರು. ಮುದುಕ ಆಂದೈ, ಕುವಿರನಿಗೆ ಪರೆ ಕಲಿಸಿದವನು, ಆ ದಿನಗಳಲ್ಲಿ ಎರಡು ಬೆರಳು ಜಜ್ಜಿಸಿಕೊಂಡ.

ಅರಸ ಇನ್ನು ಉಳಿಯುವುದಿಲ್ಲ ಎಂದು ವೈದ್ಯ ಹೇಳಿದ ದಿನ ಕೀರನ್ ಆನೆ ಹೊಡೆಸಿಕೊಂಡು ಬಂದ.

"ಒಳ್ಳೆ ಕಲ್ಲು. ಅರಸನಿಗೆ ಆಗುತ್ತೆ, ಎಳೀರೋ."

"ಅದು ನನ್ನ ಗಂಡಂದು ಸ್ವಾಮಿ," ಎಂದೆ.

"ಪುಲಯನಿಗೆ ಕಲ್ಲೇನೆ? ಗಾಯ ಆಗೋಕೂ ಒಂದು ಕುಲ ಅಂತ ಬೇಕು. ನಾಯಿ ಸತ್ರೂ ಕಲ್ಲು ಕೇಳ್ತೀರ ನೀವು."

ಆನೆ ಎಳೆಯಿತು. ನಾನು ಅಳಲಿಲ್ಲ.

ಮರುದಿನ ಅರಸ ಸತ್ತ. ಬಟ್ಟೆ ಎತ್ತಲು ಹೋಗಿದ್ದ ನನ್ನನ್ನು ಬಾಗಿಲ ಮೂಲೆಯಲ್ಲಿ ನಿಲ್ಲಿಸಿದರು. ಹಾಸಿಗೆಯಲ್ಲಿ ಸತ್ತ ಅರಸನಿಗೆ ವೀರರ ಲೋಕವಿಲ್ಲ. ಅದಕ್ಕೆ ಪುರೋಹಿತ ಹೆಣವನ್ನು ದರ್ಭೆಯ ಮೇಲೆ ಮಲಗಿಸಿ, ಮಂತ್ರ ಹೇಳಿ, ಕತ್ತಿಯಿಂದ ಅದರ ಎದೆ ಸೀಳಿದ. ಮೊದಲ ಏಟು ಜಾರಿತು, ಎರಡನೆಯದು ಕಚ್ಚಿಕೊಂಡಿತು. "ವೀರರು ಹೋಗುವ ಲೋಕಕ್ಕೆ ಹೋಗು," ಎಂದು ಹರಸಿದ. ಹೆಣದಿಂದ ರಕ್ತ ಬರಲಿಲ್ಲ.

ಕೀರನ್ ನನ್ನ ಕಡೆ ತಿರುಗಿದ. "ಅರಸ ಯುದ್ಧದಲ್ಲಿ ತೀರ್ಕೊಂಡ್ರು. ತಿಳೀತಾ?"

"ಯಾರ ಮೇಲಿನ ಯುದ್ಧ ಸ್ವಾಮಿ?"

"ಬಾಯಿ ಮುಚ್ಚೆ ಬೋಸುಡಿ. ಕೊನೇಲಿ ಉಟ್ಟಿದ್ದ ಬಟ್ಟೆ ಇದು. ಕಲ್ಲಿಗೆ ಸುತ್ತೋಕೆ ಬೇಕು. ಗಂಜಿ ಹಾಕಿ ಬೆಳ್ಳಗೆ ಮಾಡ್ಕೊಂಡು ಬಾ. ಒಂದು ಕಲೆ ಇದ್ರೆ ಚರ್ಮ ಸುಲೀತೀನಿ."

ಮೂರನೆಯ ದಿನ ಕಲ್ಲು ನೆಟ್ಟರು. ಕುವಿರನ ಕಲ್ಲಿನಲ್ಲಿ ಪೆರುವೇಲನ್ ಬಿಲ್ಲು ಹಿಡಿದು ನಿಂತಿದ್ದ, ಕೆತ್ತನೆಯಲ್ಲಿ ಅವನ ಬೊಜ್ಜು ಹೊಟ್ಟೆ ಒಳಗೆ ಹೋಗಿತ್ತು, ಎದೆಯಲ್ಲಿ ಬಾಣ ನೆಟ್ಟಿತ್ತು. ಊರೆಲ್ಲ ಸೇರಿತ್ತು. ಪಾಣ ತಂತಿ ಮೀಟಿ, ಎದೆಯೊಡ್ಡಿ ನಿಂತ ಅರಸನನ್ನು ಹಾಡುತ್ತಿದ್ದ. ಬಟ್ಟೆ ಸುತ್ತುವುದು ಪುಲತ್ತಿಯ ಕೈಯಿಂದಲೇ ಆಗಬೇಕು. ಅಚ್ಚ ಬಿಳಿಯ ಗಂಟನ್ನು ತಲೆಯ ಮೇಲೆ ಹೊತ್ತು ಹೋದೆ. ಗಂಟು ಬಿಚ್ಚಿ, ಒಳಗಿನ ಬಟ್ಟೆಯನ್ನು ಕಲ್ಲಿನ ಕುತ್ತಿಗೆಯಿಂದ ಬುಡದವರೆಗೆ ಸುತ್ತಿ ಬಿಗಿದೆ.

ನಾನು ಅದನ್ನು ಒಗೆದಿರಲಿಲ್ಲ.

ಮೂರು ದಿನದ ವಾಸನೆ ಮೊದಲು ಪಾಣನಿಗೆ ತಟ್ಟಿತು. ಹಾಡು ಅಲ್ಲೇ ನಿಂತಿತು.

"ಏನೇ ಇದು?" ಕೀರನ್ ಎರಡು ಹೆಜ್ಜೆ ಹಿಂದೆ ಸರಿದ.

"ಅರಸನ ಗಾಯ ಸ್ವಾಮಿ. ಇವರಿಗೆ ಆಗಿದ್ದು ಇದೊಂದೇ."

"ತೆಗಿಯೆ ಅದನ್ನ."

"ತೆಗೆಯಲ್ಲ. ನೀವೇ ತೆಗೀರಿ."

ಯಾರೂ ಕೈ ಚಾಚಲಿಲ್ಲ. ಒಬ್ಬ ಕಾವಲಿನವನು ಈಟಿಯ ತುದಿಯಿಂದ ಎತ್ತಲು ಹೋದ. "ತಗುಲಿಸಬೇಡ, ಆಮೇಲೆ ಆ ಈಟಿ ಹಿಡಿಯೋನು ಯಾರೋ," ಎಂದು ಪುರೋಹಿತ ಕೂಗಿಕೊಂಡ. ಕಾವಲಿನವನು ಈಟಿಯನ್ನು ನನ್ನತ್ತ ತಿರುಗಿಸಿದ.

"ಎದೆಗೇ ಹಾಕಪ್ಪ," ಎಂದೆ. "ಆಮೇಲೆ ನನಗೂ ಒಂದು ಕಲ್ಲು ಹುಡುಕಿ. ಕೊಳೆ ಎತ್ತೋಳನ್ನೂ ಹುಡುಕಿ."

ಕೀರನ್ ನಮ್ಮ ಕೇರಿಯ ಹೆಂಗಸರ ಕಡೆ ನೋಡಿದ. ಬಟ್ಟೆ ತೆಗೆಯಲು ಒಬ್ಬೊಬ್ಬಳನ್ನೇ ಕರೆದ. ಅವರು ಒಬ್ಬೊಬ್ಬರಾಗಿ ನೆಲದ ಮೇಲೆ ಕುಳಿತರು. ಈಟಿ ಕೆಳಗಿಳಿಯಿತು. ಅರಸನಿಗೆಂದು ಇಟ್ಟಿದ್ದ ಕಳ್ಳಿನ ಮಡಕೆ ಎತ್ತಿ ಬುಡಕ್ಕೆ ಸುರಿದೆ. "ಕುಡಿ ಕುವಿರಾ," ಎಂದೆ. ಆಗ ನನಗೆ ಅಳು ಬಂತು. ಆಂದೈ ಜಜ್ಜಿದ್ದ ಎರಡು ಬೆರಳು ಬಿಟ್ಟು ಉಳಿದವುಗಳಲ್ಲಿ ಕೋಲು ಹಿಡಿದು ಪರೆ ಬಾರಿಸಿದ.

ಇವತ್ತಿಗೆ ಆರು ದಿನ. ಬಟ್ಟೆ ಅಲ್ಲೇ ಇದೆ. ಊರಿನ ಹಿತ್ತಲುಗಳಲ್ಲಿ ಬಾಣಂತಿಯರ ಬಟ್ಟೆ, ರೋಗಿಗಳ ಬಟ್ಟೆ ರಾಶಿ ಬಿದ್ದಿವೆ. ನಾವು ಯಾರೂ ಹೊಳೆಗೆ ಇಳಿದಿಲ್ಲ. ಬೆಳಿಗ್ಗೆ ಕೀರನ್ ನಮ್ಮ ಕೇರಿಯ ಅಂಚಿಗೆ ಬಂದು ನಿಂತ.

"ವೆಳ್ಳಿ," ಎಂದ. ನನಗೊಂದು ಹೆಸರಿರುವುದು ಅವನಿಗೆ ಗೊತ್ತಿತ್ತು. "ಏನು ಮಾಡಿದ್ರೆ ತೆಗೀತೀಯ?"

"ಆ ಬಿಲ್ಲು ಕೆತ್ತಿ ತೆಗೆಸಿ. ಆ ಮುಖಾನೂ. ಅಲ್ಲಿ ಒಂದು ಪರೆ ಇರ್ಲಿ, ಎರಡು ಕೋಲು ಇರ್ಲಿ."

ಕಲ್ಲಿನ ಕಡೆಯಿಂದ ಗಾಳಿ ಬೀಸಿತು. ಅವನ ಕೈ ಹೆಗಲ ವಸ್ತ್ರಕ್ಕೆ ಹೋಯಿತು.

"ಮೂಗು ಮುಚ್ಕೋಬೇಡಿ ಸ್ವಾಮಿ," ಎಂದೆ. "ಅರಸನ ಬಟ್ಟೆ."