ಅಕ್ಷರಗುಂಡಿನ ನೀರು

ನಾಯಿ ಕಚ್ಚಿ ಎರಡು ದಿನ ಕಳೆದಿದ್ದವು. ಮೂರನೆಯ ದಿನ ಬೆಳಿಗ್ಗೆ, ಅದೇ ನಾಯಿ ಸಿದ್ದಾಪುರದ ರಸ್ತೆಬದಿಯಲ್ಲಿ ಸತ್ತು ಬಿದ್ದಿದೆಯೆಂಬ ಸುದ್ದಿ ನಿಂಗಕ್ಕನ ಕಿವಿಗೆ ಬಿತ್ತು. ಅವಳ ಎಡಗಾಲಿನ ಮೀನಖಂಡದಲ್ಲಿ ನಾಲ್ಕು ಹಲ್ಲಿನ ಗುರುತುಗಳಿದ್ದವು. ಅದು ೨೦೦೬ರ ಬೇಸಿಗೆ.

ಗಂಡ ಗಾದ್ರಪ್ಪ ಅಳುಕಲಿಲ್ಲ. ಬೆಟ್ಟದ ತಪ್ಪಲಿನ ಅಶೋಕನ ಶಾಸನದ ಬಂಡೆಗೆ ಊರವರು ಅಕ್ಷರಗುಂಡು ಎನ್ನುತ್ತಾರೆ. ಅದರ ಮೇಲೆ ನೀರು ಸುರಿದು, ಇಳಿದುಬಂದದ್ದನ್ನು ತಂಬಿಗೆಯಲ್ಲಿ ಹಿಡಿದು ತಂದಿದ್ದ.

"ಕುಡಿಯೇ. ನಮ್ಮ ತಾತ ಇದನ್ನೇ ಕುಡಿಸಿ ದನ ಉಳಿಸ್ತಿದ್ದ."

ನಿಂಗಕ್ಕ ಹೇಳಿಕಳುಹಿಸಿದ್ದರಿಂದ ಆರೋಗ್ಯ ಉಪಕೇಂದ್ರದ ನರ್ಸ್ ಕಮಲಾಕ್ಷಮ್ಮ ಅಷ್ಟರಲ್ಲಿ ಬಂದರು.

"ಗಾಯ ತೊಳೆದಿದೀಯಾ?"

"ಇಲ್ಲ ನರ್ಸಮ್ಮ, ಸುಣ್ಣ ಹಚ್ಚೀನಿ."

ಕಮಲಾಕ್ಷಮ್ಮ ಅವಳನ್ನು ನಲ್ಲಿಯ ಕೆಳಗೆ ಕೂರಿಸಿ, ಸಾಬೂನು ಹಾಕಿ ಗಾಯ ತೊಳೆಯತೊಡಗಿದರು. "ಇವತ್ತೇ ಮೊಳಕಾಲ್ಮೂರಿಗೆ ಹೋಗಿ ಸೂಜಿ ಹಾಕಿಸ್ಕೋಬೇಕು," ಎಂದರು. ಗಾದ್ರಪ್ಪ ಒಪ್ಪಲಿಲ್ಲ.

"ಹೊಕ್ಕಳ ಸುತ್ತ ಹದಿನಾಕು ಸೂಜಿ! ನಮ್ಮಣ್ಣ ದೊಡ್ಡಪಾಲಯ್ಯ ಮೂರಕ್ಕೇ ಓಡಿಬಂದ."

"ಅದು ಹೋದ ಕಾಲ ಕಣಪ್ಪ. ಈಗ ತೋಳಿಗೆ ಐದು."

"ಸಾವಿರಾರು ವರ್ಷದ ರಾಜನ ಅಕ್ಷರ ಅದು. ನಿಮ್ಮ ಸೂಜಿ ನಿನ್ನೆ ಮೊನ್ನೇದು."

"ಆ ಅಕ್ಷರದಾಗೆ ಏನೈತೆ ಗೊತ್ತಾ? ತಂದೆ ತಾಯಿ ಮಾತು ಕೇಳ್ರಿ, ಜೀವಗಳಿಗೆ ದಯೆ ತೋರ್ರಿ, ನಿಜ ನುಡೀರಿ ಅಂತೈತೆ. ಅದೇ ರಾಜ ಬೇರೆ ಕಡೆ ಬಂಡೆ ಮೇಲೆ ಬರೆಸಿದಾನೆ: ಜನಕ್ಕೂ ದನಕ್ಕೂ ಚಿಕಿತ್ಸೆ ಏರ್ಪಾಡು ಮಾಡಿದೀನಿ, ಔಷಧಿ ಗಿಡ ಇಲ್ಲದ ಕಡೆ ತರಿಸಿ ನೆಡಿಸಿದೀನಿ ಅಂತ. ಅಕ್ಷರ ತೊಳೆದ ನೀರೇ ಸಾಕಾಗಿದ್ರೆ ಅವನು ಗಿಡ ಯಾಕಪ್ಪ ತರಿಸ್ತಿದ್ದ?"

ಗಾದ್ರಪ್ಪ ತಂಬಿಗೆಯೊಳಗಿನ ನೀರನ್ನು ಇಣುಕಿ ನೋಡಿದ.

ನಿಂಗಕ್ಕ ಎದ್ದಳು. "ನೀನು ಯೋಚ್ನೆ ಮಾಡ್ತಾ ಕೂತ್ಕೋ. ನಾನು ಬಸ್ಸಿಗೆ ಹೋಗ್ತೀನಿ. ಹುಚ್ಚುನಾಯಿ ರೋಗ ಬಂದ ಮ್ಯಾಲೆ ಯಾರೂ ಉಳಿಸಾಕಾಗಲ್ವಂತೆ. ನಿಜಾನಾ ನರ್ಸಮ್ಮ?"

"ನಿಜ. ಬರೋ ಮುಂಚೇನೇ ತಡೀಬೇಕು. ತಡ ಆಗೈತೆ, ಆದ್ರೆ ಹೊತ್ತು ಮೀರಿಲ್ಲ. ನಡಿ."

ಗಾದ್ರಪ್ಪ ಚಪ್ಪಲಿ ಮೆಟ್ಟಿ ಹಿಂದೆಯೇ ಓಡಿದ.

ಮೊಳಕಾಲ್ಮೂರಿನ ಆಸ್ಪತ್ರೆಯಲ್ಲಿ ವೈದ್ಯರು ಗಾಯದ ಸುತ್ತ ಔಷಧಿ ಚುಚ್ಚಿ, ತೋಳಿಗೆ ಮೊದಲ ಚುಚ್ಚುಮದ್ದು ಹಾಕಿದರು.

"ಕಣ್ಣು ಬಿಡು ಮಾರಾಯ," ಎಂದಳು ನಿಂಗಕ್ಕ ಗಂಡನಿಗೆ. "ಚುಚ್ಚಿದ್ದು ನನಗೆ!"

ಐದನೆಯ ಚುಚ್ಚುಮದ್ದಿನ ದಿನ, ಅವಳಿಗಿಂತ ಮೊದಲೇ ಅವನು ಬಸ್ಸಿಗೆ ಕಾಯುತ್ತ ನಿಂತಿದ್ದ.

ಅಕ್ಕಂದಿರೇ, ಅಣ್ಣಂದಿರೇ, ನಾಯಿ ಕಚ್ಚಿದರೆ ಸುಣ್ಣ, ಖಾರದಪುಡಿ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅಂದೇ ಆಸ್ಪತ್ರೆಗೆ ಹೊರಡಿ. ವೈದ್ಯರು ಗೊತ್ತುಮಾಡಿದ ಒಂದು ದಿನವನ್ನೂ ತಪ್ಪಿಸಬೇಡಿ. ನಾಯಿ ಸಾಯುತ್ತದೆಯೋ ಬದುಕುತ್ತದೆಯೋ ಎಂದು ನೋಡುತ್ತ ಕೂರಬೇಡಿ, ಉಳಿಯಬೇಕಾದವರು ನೀವು.